ಶೆರಿಫ್ ಅಂದ್ರೆ ಪೊಲೀಸಾ, ತಹಶೀಲ್ದಾರಾ?

ಮಲ್ಲೇಶ್ವರದ ಅಮ್ಮ:
ಏಳು ವರ್ಷದ ಮಗನಿಗೆ ಇಂಗ್ಲೆಂಡಿನ ರಾಬಿನ್ ಹುಡ್ ಕಥೆ ಹೇಳುತ್ತಿದ್ದೆ. ಅದರಲ್ಲಿ ಖಳ ಅಂದರೆ ನಾಟಿಂಗ್‌ಹ್ಯಾಮ್ ಊರಿನ ಶೆರಿಫ್. "ನಾಟಿಂಗ್‌ಹ್ಯಾಮ್ ಶೆರಿಫ್ ಪೊಲೀಸ್ ತಾನೇ? ಮತ್ತೆ ಅವನ್ಯಾಕೆ ದುಡ್ಡು ವಸೂಲಿ ಮಾಡ್ತಾನೆ?" ಅಂದ. ಏನೋ ಹೇಳಿ ಮಲಗಿಸಿದೆ. ನಿಜಕ್ಕೂ ಯಾರಿವನು? ನಮ್ಮ ಡಿಸಿ ತರಹವಾ, ಎಸ್‌ಪಿ ತರಹವಾ?

ನಿವೃತ್ತ ಶಿರಸ್ತೇದಾರ, ಬಸವನಗುಡಿ:
ನಿಮ್ಮ ಮಗ ಸರಿಯಾದ ಕಡೆಯೇ ಕೈ ಇಟ್ಟಿದ್ದಾನಮ್ಮ. ಕಂದಾಯ ಇಲಾಖೆಯಲ್ಲೇ ಕೂದಲು ಬೆಳ್ಳಗಾದವನು ನಾನು. ಈಗ ಹಳೇ ಇಂಗ್ಲೆಂಡಿನ ಕಂದಾಯದ ಕಥೆ ಓದೋ ಹುಚ್ಚು.

'ಶೈರ್' ಅಂದರೆ ಜಿಲ್ಲೆ, 'ರೀವ್' ಅಂದರೆ ಅಲ್ಲಿನ ಪಾರುಪತ್ಯಗಾರ. ಎರಡೂ ಸವೆದು ಶೆರಿಫ್ ಆಯಿತು. ಕಳ್ಳನನ್ನು ಹಿಡಿಯೋದು, ಕೌಂಟಿ (ಅಂದರೆ ಜಿಲ್ಲಾ) ಕೋರ್ಟ್ ನಡೆಸೋದು, ರಾಜನ ಆಜ್ಞೆ ಜಾರಿ ಮಾಡೋದು, ಜೊತೆಗೆ ವಸೂಲಿ. ಡಿಸಿ, ಎಸ್‌ಪಿ ಇಬ್ಬರೂ ಒಬ್ಬನೇ ಅನ್ನಿ.

ವಸೂಲಿಯಲ್ಲೇ ಇರೋದು ಮಜಾ. ನಮ್ಮೂರ ಸಂತೆ ಸುಂಕದ ಹರಾಜು ನೋಡಿದ್ದೀರಲ್ಲ? ಪಂಚಾಯ್ತಿಗೆ ಇಷ್ಟು ಅಂತ ಕಟ್ಟಿದರೆ ಮುಗೀತು, ಮಿಕ್ಕಿದ್ದು ಗುತ್ತಿಗೆದಾರನಿಗೆ. ಶೆರಿಫನೂ ಬಹಳ ಕಾಲ ಹಾಗೇ, ಜಿಲ್ಲೆಯ ಮೇಲೆ ನಿಗದಿಯಾದ ಮೊತ್ತ ಕಟ್ಟುತ್ತಿದ್ದ. ಜಾಸ್ತಿ ಬಂದದ್ದು ಅವನ ಜೇಬಿಗೆ. ಆ ಹುದ್ದೆಗಾಗಿ ರಾಜನಿಗೇ ದುಡ್ಡು ಕೊಡುತ್ತಿದ್ದವರಿದ್ದರು. ಹಾಕಿದ ಬಂಡವಾಳ ಯಾರಿಂದ ಎತ್ತುತ್ತಿದ್ದರು ಅಂತ ಬೇರೆ ಹೇಳಬೇಕಾ?

ಲೆಕ್ಕ ಒಪ್ಪಿಸೋದು ಥೇಟ್ ನಮ್ಮ ಜಮಾಬಂದಿ. ಈಸ್ಟರ್‌ಗೆ ಒಂದು ಕಂತು, ಸೆಪ್ಟೆಂಬರ್ ಕೊನೆಯ ಮೈಕೆಲ್‌ಮಸ್‌ಗೆ ಪೂರ್ತಿ ಲೆಕ್ಕ. ಹತ್ತಡಿ ಉದ್ದ, ಐದಡಿ ಅಗಲದ ಮೇಜಿನ ಮೇಲೆ ಚೌಕಾಬಾರದ ಮಣೆ ತರಹ ಗೆರೆ ಹಾಕಿದ ಬಟ್ಟೆ. ಮನೆಗಳಲ್ಲಿ ಬಿಲ್ಲೆ ಇಟ್ಟು, ಬರಬೇಕಾದ್ದೆಷ್ಟು, ಬಂದದ್ದೆಷ್ಟು ಅಂತ ಶೆರಿಫನ ಕಣ್ಣೆದುರೇ ತೋರಿಸುತ್ತಿದ್ದರು. ರಶೀದಿ ಅಂದರೆ ಗೀರು ಹಾಕಿ ಉದ್ದಕ್ಕೆ ಸೀಳಿದ ಕೋಲು, ಅರ್ಧ ಇವನಿಗೆ, ಅರ್ಧ ಖಜಾನೆಗೆ. (1834ರಲ್ಲಿ ಅಂಥ ಹಳೇ ಕೋಲುಗಳನ್ನು ಒಲೆಗೆ ಹಾಕಲು ಹೋಗಿ ಪಾರ್ಲಿಮೆಂಟನ್ನೇ ಸುಟ್ಟುಕೊಂಡರು. ನಮ್ಮ ರೆಕಾರ್ಡ್ ರೂಮಿನ ಗೆದ್ದಲೇ ವಾಸಿ.)

ಜಯನಗರದ ಲಾಯರ್:
ಜನ ಇದನ್ನೆಲ್ಲ ಸಹಿಸಿಕೊಂಡರಾ ಸಾರ್? ಯಾರೂ ದೂರು ಕೊಡಲಿಲ್ವಾ?

ನಿವೃತ್ತ ಶಿರಸ್ತೇದಾರ, ಬಸವನಗುಡಿ:
ಕೊಟ್ಟರು. 1170ರಲ್ಲಿ ರಾಜ ಎರಡನೇ ಹೆನ್ರಿ ವಿಚಾರಣೆ ಮಾಡಿಸಿ ಬಹುಪಾಲು ಶೆರಿಫರನ್ನು ಮನೆಗೆ ಕಳಿಸಿದ. 1194ರಲ್ಲಿ ರಾಜನ ಮೊಕದ್ದಮೆಗಳ ದಾಖಲೆ ಇಡೋಕೆ ಕರೋನರ್ ಅಂತ ಇನ್ನೊಬ್ಬ ಅಧಿಕಾರಿಯನ್ನು ಪಕ್ಕದಲ್ಲೇ ಕೂರಿಸಿದರು. 1215ರಲ್ಲಿ ಸರದಾರರು ರಾಜನಿಂದ ಒಪ್ಪಿಸಿಕೊಂಡ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾದಲ್ಲಂತೂ ಹೆಸರು ಹಿಡಿದೇ ಕೆಲವರನ್ನು ತೆಗೆಯಿರಿ ಅಂದರು. ಅದರಲ್ಲೊಬ್ಬ ಫಿಲಿಪ್ ಮಾರ್ಕ್, ನಾಟಿಂಗ್‌ಹ್ಯಾಮಿನ ನಿಜವಾದ ಶೆರಿಫ್. ಆಮೇಲೂ ಎಷ್ಟೋ ವರ್ಷ ಅವನು ಅದೇ ಕುರ್ಚಿಯಲ್ಲಿದ್ದ! ವರ್ಗಾವಣೆ ಆರ್ಡರ್ ಬಂದರೂ ಸೀಟು ಬಿಡದ ಇಂಥವರ ಜೊತೆ ನಾನೂ ಕೆಲಸ ಮಾಡಿದ್ದೀನಿ.

ಮುಂದೆ ಅಧಿಕಾರ ಒಂದೊಂದಾಗಿ ಜಾರಿತು. 1361ರಿಂದ ಜಸ್ಟಿಸ್ ಆಫ್ ದಿ ಪೀಸ್ ಅನ್ನೋ ಸ್ಥಳೀಯ ಮ್ಯಾಜಿಸ್ಟ್ರೇಟರು ಬೆಳೆದರು. ಟ್ಯೂಡರ್ ರಾಜವಂಶದ ಕಾಲದಲ್ಲಿ (ಹದಿನಾರನೇ ಶತಮಾನ) ಸೈನ್ಯದ ಕೆಲಸ ಲಾರ್ಡ್ ಲೆಫ್ಟಿನೆಂಟ್ ಅನ್ನೋ ರಾಜಪ್ರತಿನಿಧಿಯ ಪಾಲಾಯಿತು. ಶೆರಿಫನಿಗೆ ಉಳಿದದ್ದು ಸಮನ್ಸ್, ಚುನಾವಣೆ, ಜೂರಿ ಕೂಡಿಸೋದು, ಮೇಲಿಂದ ಬರುವ ಜಡ್ಜ್‌ಗಳ ಉಪಚಾರ, ಅದೂ ಸ್ವಂತ ಖರ್ಚಿನಲ್ಲಿ! ದುಡ್ಡು ಕೊಟ್ಟು ಪಡೆಯುತ್ತಿದ್ದ ಹುದ್ದೆಯಿಂದ ಈಗ ತಪ್ಪಿಸಿಕೊಳ್ಳಲು ಜನ ವಶೀಲಿ ಹುಡುಕುತ್ತಿದ್ದರು.

ಜಯನಗರದ ಲಾಯರ್:
ಓ, ಇದಕ್ಕೆ ನನ್ನ ಹತ್ತಿರವೂ ಒಂದಿದೆ. ಎಡ್ವರ್ಡ್ ಕೋಕ್ ಅಂತ ದೊಡ್ಡ ನ್ಯಾಯವೇತ್ತ, ಎಪ್ಪತ್ತು ದಾಟಿದ ಮುದುಕ. ಪಾರ್ಲಿಮೆಂಟಿನಲ್ಲಿ ಒಂದನೇ ಚಾರ್ಲ್ಸ್‌ಗೆ ತಲೆನೋವು. 1625ರಲ್ಲಿ ರಾಜ ಅವನನ್ನು ಬಕಿಂಗ್‌ಹ್ಯಾಮ್‌ಶೈರ್ ಶೆರಿಫ್ ಮಾಡಿಬಿಟ್ಟ. ಆಗ ಶೆರಿಫ್ ಆದವನು ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಕೂರುವ ಹಾಗಿರಲಿಲ್ಲ. ಪದವಿ ಕೊಟ್ಟೇ ಬಾಯಿ ಮುಚ್ಚಿಸೋದು! ಆದರೆ 1628ಕ್ಕೆ ಕೋಕ್ ವಾಪಸ್ ಬಂದ, ರಾಜನ ಕೈ ಕಟ್ಟುವ ಪೆಟಿಷನ್ ಆಫ್ ರೈಟ್ ತರುವುದರಲ್ಲಿ ಮುಂದೆ ನಿಂತ.

ಮಲ್ಲೇಶ್ವರದ ಅಮ್ಮ:
ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ಚೌಕಾಬಾರದ ಮಣೆ ಹಾಸಿ, ಹುಣಸೆಬೀಜ ಇಟ್ಟು ಆಡಿಸಿದೆ. ಅವನು ಶೆರಿಫ್, ನಾನು ಖಜಾನೆ. ಇಪ್ಪತ್ತು ಬೀಜ ಕಟ್ಟಬೇಕು ಅಂತ ಮಾತಾಗಿತ್ತು. ಅಜ್ಜಿ, ಅಪ್ಪ, ಪಕ್ಕದ ಮನೆ ಆಂಟಿ ಎಲ್ಲರ ಹತ್ತಿರ ವಸೂಲಿ ಮಾಡಿಕೊಂಡು ಬಂದ. ನನ್ನ ಮುಂದೆ ಎಣಿಸಿ ಇಪ್ಪತ್ತೇ ಇಟ್ಟ. ಇವತ್ತು ಬಟ್ಟೆ ಒಗೆಯುವಾಗ ಚಡ್ಡಿ ಜೇಬಲ್ಲಿ ಇನ್ನೂ ಮೂವತ್ತೊಂದು ಸಿಕ್ಕವು.