ಮಳೆಯಲ್ಲಿ ಬ್ರೇಕ್ ಹಿಡಿಯುತ್ತಿಲ್ಲ, ಚೈನ್ ಕಿರಿಕಿರಿ (ವಿಯೆಟ್ನಾಂ ಪ್ರವಾಸ)

ಸಿಂಧನೂರು_ಸವಾರ:
ಎಲ್ಲರಿಗೂ ನಮಸ್ಕಾರ. ಹನೋಯಿಯಿಂದ ಹೋ ಚಿ ಮಿನ್ ಸಿಟಿಗೆ ಒಬ್ಬನೇ ಸೈಕಲ್‌ನಲ್ಲಿ ಹೊರಟಿದ್ದೇನೆ. ಈಗ ಹ್ಯೂ ಊರಲ್ಲಿದ್ದೇನೆ. ಡಾಂಗ್ ಹೋಯ್ ದಾಟಿದ ಮೇಲೆ ಮಳೆ ಬಿಟ್ಟೇ ಇಲ್ಲ. ಸ್ಟೀಲ್ ಫ್ರೇಮ್, ಅಲ್ಯೂಮಿನಿಯಂ ರಿಮ್, ವಿ-ಬ್ರೇಕ್ (ರಿಮ್ಮನ್ನೇ ಎರಡೂ ಕಡೆಯಿಂದ ಒತ್ತಿ ಹಿಡಿಯೋದು), ಹಿಂದೆ ಎರಡು ಬ್ಯಾಗ್.

ಬ್ರೇಕ್ ಒತ್ತಿದರೆ ಮೊದಲು ಜಾರುತ್ತೆ, ಆಮೇಲೆ ಮರಳು ಅರೆದ ಹಾಗೆ ಕರ್ರ್ ಅನ್ನುತ್ತೆ. ಲಿವರ್ ಹ್ಯಾಂಡಲ್‌ಗೆ ತಾಗೋವರೆಗೂ ಬರುತ್ತೆ. ಚೈನ್‌ಗೆ ಬೆಳಿಗ್ಗೆ ಲ್ಯೂಬ್ (ಚೈನ್ ಎಣ್ಣೆ) ಬಿಟ್ಟರೆ ಮಧ್ಯಾಹ್ನಕ್ಕೆ ಮತ್ತೆ ಕಿರ್ ಕಿರ್. ಊರಲ್ಲಿ ಧೂಳಿಗೆ ಅಂತ ಹಾಕ್ತಿದ್ದ ಡ್ರೈ ಲ್ಯೂಬನ್ನೇ ತಂದಿದ್ದೇನೆ. ಮುಂದೆ ಡಾ ನಾಂಗ್ ದಾರಿಯಲ್ಲಿ ಹಾಯ್ ವಾನ್ ಘಾಟ್ ಇದೆ. ವೈರ್ ಬಿಗಿ ಮಾಡಿದರೆ ಸಾಕಾ?

ಬಳ್ಳಾರಿ_ಪೆಡಲ್:
ತಮ್ಮಾ, ವೈರ್ ಆಮೇಲೆ. ಮೊದಲು ಬ್ರೇಕ್ ಶೂ (ರಿಮ್‌ಗೆ ಒತ್ತೋ ರಬ್ಬರ್ ತುಂಡು) ಬಿಚ್ಚಿ ಬೆಳಕಿಗೆ ಹಿಡಿದು ನೋಡು. ರಬ್ಬರ್ ಒಳಗೆ ಬೆಳ್ಳಗೆ ಮಿನುಗುವ ಚೂರು ಕಾಣ್ತವಾ? ಅದು ನಿನ್ನ ರಿಮ್‌ನದೇ ಅಲ್ಯೂಮಿನಿಯಂ. ರಸ್ತೆಯ ಕೆಸರು ರಿಮ್‌ಗೆ ಹಾರುತ್ತೆ, ಶೂ ಅದನ್ನ ಒತ್ತಿ ಉಜ್ಜುತ್ತೆ, ರಿಮ್ ಸವೆದು ಆ ಚೂರು ರಬ್ಬರ್‌ನಲ್ಲಿ ಕೂರುತ್ತೆ. ಆಮೇಲೆ ಆ ಚೂರೇ ರಿಮ್ ಕೆರೆಯುತ್ತೆ. ಪಿನ್ನಿನಿಂದ ಒಂದೊಂದಾಗಿ ಕಿತ್ತು ಹಾಕು. ಶೂ ಮುಖವನ್ನ ಪಾಲಿಶ್ ಪೇಪರ್ ಮೇಲೆ ಉಜ್ಜು. ಪೇಪರ್ ಇಲ್ಲದಿದ್ದರೆ ಒರಟು ಸಿಮೆಂಟ್ ನೆಲವಾದರೂ ಆಗುತ್ತೆ. ರಿಮ್ಮನ್ನ ಒದ್ದೆ ಬಟ್ಟೆಯಿಂದ ಒರೆಸು.

ಶೂ ಮೇಲಿನ ಗೀರು (ಸವೆತ ಗೊತ್ತಾಗಲಿ ಅಂತ ಇರೋ ಕಚ್ಚು) ಪೂರ್ತಿ ಮಾಸಿದ್ದರೆ ಬದಲಿಸಲೇಬೇಕು. ಹಾಗೇ ಬಿಟ್ಟರೆ ಒಳಗಿನ ಲೋಹ ರಿಮ್‌ಗೆ ತಾಗುತ್ತೆ. ರಿಮ್ ಮೇಲೆ ಬೆರಳಾಡಿಸಿ ನೋಡು, ಜಾಸ್ತಿ ಗುಳಿ ಬಿದ್ದಿದ್ದರೆ ಘಾಟಿಗೆ ಹೋಗಲೇಬೇಡ.

ಕೊಪ್ಪಳ_ಎಂಟಿಬಿ:
ಡಿಸ್ಕ್ ಬ್ರೇಕ್ ಇದ್ದಿದ್ದರೆ ಈ ರಗಳೆ ಇರ್ತಿರಲಿಲ್ಲ ಅಲ್ವಾ?

ಬಳ್ಳಾರಿ_ಪೆಡಲ್:
ಡಿಸ್ಕ್ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತೆ, ನಿಜ. ಆದರೆ ಕೆಸರಿಗೆ ಅದರ ಪ್ಯಾಡೂ ಬೇಗ ಸವೆಯುತ್ತೆ. ಹ್ಯೂನಲ್ಲಿ ನಿಂತವನಿಗೆ ಈಗ ಅದನ್ನ ಹೇಳಿ ಏನು ಪ್ರಯೋಜನ?

ಗಂಗಾವತಿ_ಗೇರ್:
ಚೈನ್ ವಿಷಯ ನಾನು ಹೇಳ್ತೀನಿ. ಡ್ರೈ ಲ್ಯೂಬ್ ಮಳೆಗೆ ತೊಳೆದು ಹೋಗುತ್ತೆ. ವೆಟ್ ಲ್ಯೂಬ್ (ಮಳೆಗೆ ಅಂತಲೇ ಇರೋ ದಪ್ಪ ಎಣ್ಣೆ) ಸಿಗದಿದ್ದರೆ ಬೈಕ್ ರಿಪೇರಿ ಅಂಗಡಿಯಲ್ಲಿ ಸ್ವಲ್ಪ ಗೇರ್ ಆಯಿಲ್ ಕೇಳಿ. ಅಲ್ಲಿ ಬೈಕ್ ಜಾಸ್ತಿ, ಅಂಥ ಅಂಗಡಿಗೆ ಬರ ಇಲ್ಲ. ಮೊದಲು ಚೈನ್ ಒರೆಸಿ ಒಣಗಿಸಿ. ಒಂದೊಂದು ರೋಲರ್‌ಗೆ ಒಂದೊಂದು ಹನಿ ಬಿಡಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನದನ್ನ ಪೂರ್ತಿ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಮರಳು ಹಿಡಿಯುತ್ತೆ. ಆ ಬಟ್ಟೆ ರಿಮ್‌ಗೆ ಮುಟ್ಟಿಸಬೇಡಿ.

ಕೆಸರು ತೊಳೆಯೋಕೆ ಪ್ರೆಶರ್ ಪೈಪ್ ಹಿಡಿಸಬೇಡಿ, ಚಕ್ರದ ನಡುವಿನ ಹಬ್‌ನ ಗ್ರೀಸ್ ಹೋಗುತ್ತೆ. ಸೀಟ್ ಪೋಸ್ಟ್ ಕಿತ್ತು ಸೈಕಲ್ ತಲೆಕೆಳಗೆ ಮಾಡಿ. ಸ್ಟೀಲ್ ಫ್ರೇಮ್ ಒಳಗೆ ನೀರು ನಿಂತಿರಬಹುದು.

ಬ್ಯಾಗ್ ಸೋರ್ತಿದೆಯಾ? ನಿಮ್ಮ ಸಿಂಧನೂರಲ್ಲಿ ಗೊಬ್ಬರದ ಚೀಲಕ್ಕೇನು ಕೊರತೆ, ಒಳಗಿನ ಪ್ಲಾಸ್ಟಿಕ್ ಕವರ್ ಎರಡು ತಗೊಂಡು ಹೋಗಿದ್ದರೆ ಆಗ್ತಿತ್ತು 😄

ಸಿಂಧನೂರು_ಸವಾರ:
ಅಣ್ಣ, ಚೂರು ಸಿಕ್ಕವು! ಮುಂದಿನ ಶೂನಲ್ಲಿ ಗೀರೇ ಇಲ್ಲ, ಹೊಸ ಜೋಡಿ ಹಾಕಿಸಿದೆ. ರಿಮ್ ಚೆನ್ನಾಗಿದೆ. ಸೀಟ್ ಪೋಸ್ಟ್ ಕಿತ್ತರೆ ತುಕ್ಕುನೀರು ಬುಳುಬುಳು ಸುರಿಯಿತು. ಗೇರ್ ಆಯಿಲ್ ಹಾಕಿದ ಮೇಲೆ ಚೈನ್ ಸುಮ್ನಾಗಿದೆ. ಲಿವರ್ ಮಾತ್ರ ಇನ್ನೂ ಸ್ವಲ್ಪ ಸಡಿಲ. ಘಾಟಿಗೆ ಸುರಂಗ ಇದೆಯಂತಲ್ಲ, ಅದರಲ್ಲೇ ಹೋಗಲಾ?

ಬಳ್ಳಾರಿ_ಪೆಡಲ್:
ಸುರಂಗದಲ್ಲಿ ಸೈಕಲ್ ಓಡಿಸೋಕೆ ಬಿಡಲ್ಲ, ಬೇಕಾದರೆ ಗಾಡಿಗೆ ಹಾಕಿ ದಾಟಿಸ್ತಾರೆ. ಮೇಲಿನ ರಸ್ತೆ ಸುಮಾರು 500 ಮೀಟರ್ ಎತ್ತರ. ಲಾರಿಗಳು ಹೆಚ್ಚಾಗಿ ಸುರಂಗದಲ್ಲೇ ಹೋಗ್ತವೆ, ಪೆಟ್ರೋಲ್ ಟ್ಯಾಂಕರ್ ಮಾತ್ರ ಮೇಲೆ ಬರ್ತವೆ. ಮಂಜು ಕವಿದಿದ್ದರೆ ಹಟ ಬೇಡ, ಗಾಡಿಗೆ ಹಾಕು.

ಈಗ ವೈರ್ ಬಿಗಿ ಮಾಡು. ಲಿವರ್ ಹತ್ತಿರದ ಅಡ್ಜಸ್ಟರ್ ತಿರುಗಿಸಿದರೆ ಸಾಕು. ಶೂ ಟೈರ್‌ಗೆ ಉಜ್ಜದ ಹಾಗೆ ನೋಡಿಕೋ. ಇಳಿಜಾರಲ್ಲಿ ತಿರುವು ಬರೋಕೆ ಮೊದಲೇ ಎರಡೂ ಬ್ರೇಕ್ ಮೆಲ್ಲಗೆ ತಾಗಿಸು. ರಿಮ್ ಮೇಲಿನ ನೀರು ಒರೆಸಿ ಹೋದ ಮೇಲೇ ಹಿಡಿತ ಸಿಗೋದು. ತಿರುವಿನೊಳಗೆ ಹೋಗಿ ಗಟ್ಟಿ ಹಿಡಿಯಬೇಡ. ಹಳೇ ಹಿಂದಿನ ಶೂನೂ ಡಾ ನಾಂಗ್ ಮುಟ್ಟಿದ ಮೇಲೆ ಬದಲಿಸಿಬಿಡು.