ವಜ್ರಾಕೃತಿ: ಈ ಹೆಸರಿನೊಳಗೆ ಚೌಕ ಸೇರುತ್ತದೆಯೇ?

ನಾಲ್ಕೂ ಬಾಹು ಸಮ ಇರುವ ಚತುರ್ಭುಜಕ್ಕೆ ನಮ್ಮ ಪಠ್ಯಗಳಲ್ಲಿ ವಜ್ರಾಕೃತಿ ಎಂದು ಹೆಸರು. ನನ್ನ ಪ್ರಶ್ನೆ ಇಷ್ಟೇ: ಚೌಕವನ್ನೂ ವಜ್ರಾಕೃತಿ ಎನ್ನಬಹುದಾ?

ಗಣಿತವನ್ನು ಕೇಳಿದರೆ ಹೌದು ಎನ್ನುತ್ತದೆ. ಇವತ್ತಿನ ವ್ಯಾಖ್ಯೆಗೆ ಬೇಕಾದದ್ದು ನಾಲ್ಕು ಸಮ ಬಾಹು ಮಾತ್ರ, ಕೋನ ಎಷ್ಟಾದರೂ ಇರಲಿ. ಆದರೆ ಕನ್ನಡದಲ್ಲಿ ಆ ಪದ ಕೇಳಿದ ಕೂಡಲೇ ಮನಸ್ಸಿಗೆ ಬರುವುದು ಮೂಲೆಯ ಮೇಲೆ ನಿಂತ, ಮೇಲೆ ಕೆಳಗೆ ಚೂಪಾದ ಒಂದು ಚಿತ್ರ. ಅದೇ ಆಕೃತಿಯನ್ನು ಒಂದು ಬಾಹುವಿನ ಮೇಲೆ ಮಲಗಿಸಿ ಬರೆಯಿರಿ, ಮಕ್ಕಳು ಸಮಾಂತರ ಚತುರ್ಭುಜ ಅನ್ನುತ್ತಾರೆ. ಅದು ತಪ್ಪಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ತೋರಿಸಿ, ಥಟ್ಟನೆ ವಜ್ರಾಕೃತಿ ಅನ್ನುತ್ತಾರೆ. ಅಂದರೆ ಈ ಹೆಸರು ಹೇಳುತ್ತಿರುವುದು ಆಕೃತಿ ನಿಂತ ಭಂಗಿಯನ್ನು, ಅದರ ಗುಣವನ್ನಲ್ಲ.

ಗುಣ ಗೊತ್ತಾಗುವುದು ಬರೆಯುವಾಗ. ಒಂದು ಕೋನ ಹಾಕಿಕೊಳ್ಳಿ. ಕೈವಾರವನ್ನು 5 ಸೆಂಟಿಮೀಟರ್ ತೆರೆದು ಕೋನದ ಶೃಂಗದಲ್ಲಿ ಮುಳ್ಳಿಟ್ಟು ಎರಡೂ ಕಿರಣಗಳನ್ನು ಕತ್ತರಿಸುವ ಹಾಗೆ ಕಂಸ ಎಳೆಯಿರಿ, ಆಮೇಲೆ ಕೈವಾರವನ್ನು ಒಂದಿಷ್ಟೂ ಅಲುಗಿಸದೆ ಆ ಎರಡು ಬಿಂದುಗಳಿಂದ ಮತ್ತೆರಡು ಕಂಸ ಎಳೆದರೆ ಅವು ಸೇರುವ ಕಡೆ ನಾಲ್ಕನೇ ಶೃಂಗ ಸಿಗುತ್ತದೆ. ಕೈವಾರದ ತೆರವು ಬದಲಾಗಲಿಲ್ಲ, ಅಷ್ಟೇ ಇದರ ಗುಟ್ಟು. ಇದು ಕೋನವನ್ನು ಅರ್ಧ ಮಾಡುವ ರಚನೆಯೇ ಅಲ್ವಾ? ರೇಖಾಖಂಡಕ್ಕೆ ಲಂಬಾರ್ಧಕ, ಅಂದರೆ ಅದನ್ನು ಲಂಬವಾಗಿ ಅರ್ಧ ಮಾಡುವ ಗೆರೆ ಎಳೆಯುವಾಗಲೂ ಎರಡು ತುದಿಗಳಿಂದ ಒಂದೇ ತೆರವಿನ ಕಂಸ ಎಳೆಯುತ್ತೇವೆ. ಅಲ್ಲೂ ನಾವು ಕಾಣದೆ ಬರೆಯುತ್ತಿರುವುದು ಒಂದು ವಜ್ರಾಕೃತಿ. ಅದರ ಕರ್ಣಗಳು, ಅಂದರೆ ಎದುರು ಶೃಂಗಗಳನ್ನು ಸೇರಿಸುವ ಗೆರೆಗಳು, ಒಂದನ್ನೊಂದು ಲಂಬವಾಗಿ ಅರ್ಧಿಸುತ್ತವೆ, ಶೃಂಗದ ಕೋನಗಳನ್ನೂ ಅರ್ಧಿಸುತ್ತವೆ. ಅದಕ್ಕೇ ಆ ಎರಡೂ ರಚನೆ ಸರಿಯಾಗಿ ಬರುತ್ತವೆ. ಇದನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳಬೇಕು ಅಂತ ನನಗೆ ಬಹಳ ಅನಿಸುತ್ತದೆ.

ಕರ್ಣಗಳಿಂದ ಶುರು ಮಾಡಿದರೂ ಸರಿ. 8 ಸೆಂಟಿಮೀಟರಿನ ಒಂದು ಗೆರೆ, ಅದರ ನಡುವೆ ಲಂಬವಾಗಿ ಆಚೆ 3, ಈಚೆ 3. ತುದಿಗಳನ್ನು ಸೇರಿಸಿ. ಪ್ರತಿ ಬಾಹು 5 ಬರುತ್ತದೆ, ವಿಸ್ತೀರ್ಣ ಕರ್ಣಗಳ ಗುಣಲಬ್ಧದ ಅರ್ಧ, 24 ಚದರ ಸೆಂಟಿಮೀಟರ್. ಎರಡು ಕರ್ಣಗಳನ್ನೂ ಒಂದೇ ಉದ್ದಕ್ಕೆ ತಂದರೆ ಚೌಕ. ಅದೇ ರಚನೆ, ಅದೇ ಹೆಜ್ಜೆಗಳು. ಬರೆಯುವ ಕೈಗೆ ಚೌಕ ಬೇರೆ ಜಾತಿ ಅಂತ ಎಲ್ಲೂ ಅನಿಸುವುದಿಲ್ಲ. ಪದಕ್ಕೆ ಮಾತ್ರ ಅನಿಸುತ್ತದೆ.

ಈ ತೊಡಕು ಹಳೆಯದು. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ಎಲಿಮೆಂಟ್ಸ್ ಗ್ರಂಥದ ಮೊದಲ ಪುಸ್ತಕದ 22ನೇ ವ್ಯಾಖ್ಯೆಯಲ್ಲಿ ರಾಂಬಸ್ (ನಮ್ಮ ವಜ್ರಾಕೃತಿ) ಎಂದರೆ ಬಾಹುಗಳು ಸಮ, ಆದರೆ ಕೋನಗಳು ಲಂಬವಲ್ಲ ಎಂದು ಚೌಕವನ್ನು ಹೊರಗಿಟ್ಟ. 12ನೇ ಶತಮಾನದ ಭಾಸ್ಕರಾಚಾರ್ಯರ ಲೀಲಾವತಿ ಎಂಬ ಸಂಸ್ಕೃತ ಗಣಿತ ಗ್ರಂಥದಲ್ಲಿ ಬೇರೆ ದಾರಿ ಇದೆ. ಅಲ್ಲಿನ ಪದ ತುಲ್ಯಚತುರ್ಭುಜ, ಅಂದರೆ ನಾಲ್ಕು ಬಾಹುವೂ ಸಮ ಇರುವುದು. 25 ಬಾಹುವಿನ ತುಲ್ಯಚತುರ್ಭುಜದ ಕರ್ಣ ಮತ್ತು ವಿಸ್ತೀರ್ಣ ಹೇಳು ಎಂದು ಕೇಳಿ, ಅದೇ ಕ್ಷೇತ್ರ ತುಲ್ಯಶ್ರುತಿಯಾದರೆ, ಅಂದರೆ ಕರ್ಣಗಳು ಸಮವಾದರೆ ಏನು ಎಂದೂ ಕೇಳುತ್ತಾರೆ. ಒಂದು ಕರ್ಣ 30 ಎಂದಿಟ್ಟುಕೊಂಡರೆ ಇನ್ನೊಂದು 40, ವಿಸ್ತೀರ್ಣ 600. ಕರ್ಣಗಳು ಸಮವಾದರೆ 625, ಅದು ಚೌಕ. ಅಂದರೆ ಚೌಕ ಇಲ್ಲಿ ಒಳಗೇ ಇದೆ! ಹೆಸರು ಗುಣದ ಮೇಲೆ ನಿಂತಿದೆ, ಹಾಗಾಗಿ ಯಾರನ್ನೂ ಹೊರಗೆ ತಳ್ಳಬೇಕಾಗಿಲ್ಲ.

ಅಕ್ಕಪಕ್ಕದ ಭಾಷೆಗಳನ್ನೂ ನೋಡಿದೆ. ಮರಾಠಿಯಲ್ಲಿ ಸಮಭುಜ ಚೌಕೋನ, ಮಲಯಾಳದಲ್ಲಿ ಸಮಭುಜ ಸಾಮಾಂತರಿಕಂ, ತೆಲುಗು ಮತ್ತು ಹಿಂದಿಯಲ್ಲಿ ಸಮಚತುರ್ಭುಜ. ಇವೆಲ್ಲ ಗುಣ ಹೇಳುತ್ತವೆ. ತಮಿಳಿನ ಸಾಯ್‌ಚದುರಂ ಮಾತ್ರ ಓರೆಯಾದ ಚೌಕ ಎಂಬ ಚಿತ್ರ ಕೊಡುತ್ತದೆ, ನಮ್ಮ ವಜ್ರಾಕೃತಿಯ ಹಾಗೆ.

ನಮ್ಮಲ್ಲಿ ಸಮಬಾಹು ತ್ರಿಭುಜ ಆಗಲೇ ಇದೆ. ಹಾಗಾದರೆ ಸಮಬಾಹು ಚತುರ್ಭುಜ ಎನ್ನಲು ಏನಡ್ಡಿ? ನನಗೆ ಕಾಣುವ ತೊಂದರೆ ಒಂದೇ. ಸಮಬಾಹು ತ್ರಿಭುಜದಲ್ಲಿ ಬಾಹು ಸಮವಾದರೆ ಕೋನಗಳೂ 60 ಡಿಗ್ರಿಗೆ ಕಟ್ಟುಬೀಳುತ್ತವೆ. ನಾಲ್ಕು ಬಾಹುವಿಗೆ ಆ ಕಟ್ಟಿಲ್ಲ. ಒಂದೇ ಉದ್ದದ ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಸಡಿಲವಾಗಿ ಸಿಕ್ಕಿಸಿ ಒತ್ತಿ ನೋಡಿ, ಸುಮ್ನೆ ವಾಲುತ್ತಾ ಹೋಗುತ್ತದೆ. ಬಾಹು ಬದಲಾಗಲ್ಲ, ಸುತ್ತಳತೆ ಬದಲಾಗಲ್ಲ, ಕೋನ ಮತ್ತು ವಿಸ್ತೀರ್ಣ ಬದಲಾಗುತ್ತವೆ. ತ್ರಿಭುಜದ ಅಭ್ಯಾಸದಲ್ಲಿ ಮಕ್ಕಳು ಇಲ್ಲೂ ಕೋನಗಳು ಸಮ ಎಂದುಕೊಳ್ಳಬಹುದು. ಆದರೂ ಈಗಿನ ಗೊಂದಲಕ್ಕಿಂತ ಇದನ್ನು ತಿದ್ದುವುದು ಸುಲಭ, ಯಾಕೆಂದರೆ ಕಡ್ಡಿ ಒತ್ತಿ ತೋರಿಸಿದರೆ ಮುಗಿಯಿತು. ನನ್ನ ಒಲವು ಈ ಪದದ ಕಡೆಗೇ. ಚಿತ್ರ, ವಿನ್ಯಾಸ, ಅಲಂಕಾರದ ಮಾತಿಗೆ ವಜ್ರಾಕೃತಿ ಇರಲಿ, ಅಲ್ಲಿ ಅದು ಚೆನ್ನಾಗಿ ಒಪ್ಪುತ್ತದೆ.

ಜೊತೆಗೆ ಇನ್ನೊಂದು ಸಣ್ಣ ವಿಷಯ. ನಮ್ಮಲ್ಲಿ ಎದುರು ಶೃಂಗಗಳನ್ನು ಸೇರಿಸುವ ಗೆರೆ ಕರ್ಣ, ಲಂಬಕೋನ ತ್ರಿಭುಜದ ದೊಡ್ಡ ಬಾಹು ವಿಕರ್ಣ. ಹಿಂದಿಯಲ್ಲಿ ಇದು ಉಲ್ಟಾ. ಈ ಆಕೃತಿಯಲ್ಲಂತೂ ಎರಡೂ ಒಟ್ಟಿಗೇ ಬರುತ್ತವೆ, ಕರ್ಣಗಳು ಮಾಡುವ ನಾಲ್ಕು ಚಿಕ್ಕ ತ್ರಿಭುಜಗಳಿಗೆ ವಜ್ರಾಕೃತಿಯ ಬಾಹುವೇ ವಿಕರ್ಣ. ಎರಡೂ ಭಾಷೆಯ ಪುಸ್ತಕ ಓದುವವರು ಎಚ್ಚರವಾಗಿರಬೇಕು.

ಈಗ ಬಲ್ಲವರಲ್ಲಿ ಕೇಳುವುದು: 12ನೇ ಶತಮಾನದಲ್ಲೇ ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯ ತನ್ನ ಕ್ಷೇತ್ರಗಣಿತದಲ್ಲಿ ಈ ಆಕೃತಿಯನ್ನು ಯಾವ ಹೆಸರಿನಿಂದ ಕರೆಯುತ್ತಾನೆ? ಚೌಕವನ್ನು ಅದರೊಳಗೆ ಸೇರಿಸುತ್ತಾನಾ, ಬೇರೆ ಇಡುತ್ತಾನಾ? ಮೂಲ ಓದಿದವರು ಆ ಪದ್ಯವನ್ನು ಹಾಗೇ ಬರೆದು ತಿಳಿಸಿದರೆ ತುಂಬಾ ಉಪಕಾರ.