ಅಪ್‌ಡೇಟ್: 67ರ ಕಮಾರೋ ಹಿಂಚಕ್ರ ಕುಪ್ಪಳಿಸೋದು ನಿಂತಿತು

ಡ್ರ್ಯಾಗ್ ಸ್ಟ್ರಿಪ್‌ನಲ್ಲಿ (ನೇರ ರೇಸ್ ಟ್ರ್ಯಾಕ್) ಕ್ಲಚ್ ಬಿಟ್ಟ ತಕ್ಷಣ ಹಿಂದಿನ ಚಕ್ರಗಳು ದಡದಡ ಕುಪ್ಪಳಿಸುತ್ತವೆ ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆನಲ್ಲ (ಷೆವರ್ಲೆಯ 1967ರ ಕಮಾರೋ ಕಾರು, 350 ಘನ ಇಂಚಿನ ಎಂಜಿನ್, ನಾಲ್ಕು ಗೇರ್), ಅದು ಸರಿಹೋಯಿತು.

ಟೈರ್ ಗಾಳಿಯನ್ನು 28ರಿಂದ 18 ಪಿಎಸ್‌ಐಗೆ ಇಳಿಸಿದ್ದಕ್ಕೆ ಹಿಡಿತ ಹೆಚ್ಚಿತು, ಕುಪ್ಪಳಿಕೆಯೂ ಹೆಚ್ಚಿತು! ಗಟ್ಟಿ ಶಾಕ್‌ಗೆ (ಶಾಕ್ ಅಬ್ಸಾರ್ಬರ್) ಹಾಕಿದ ದುಡ್ಡೂ ದಂಡ. ಯಾಕಂದ್ರೆ ಆ ವರ್ಷದ ಕಾರಲ್ಲಿ ಹಿಂದಿನ ಎರಡೂ ಶಾಕ್ ಆಕ್ಸಲ್‌ನ (ಹಿಂಚಕ್ರಗಳ ಅಚ್ಚು) ಮುಂದೆಯೇ ಇವೆ. 68ರಲ್ಲಿ ಕಂಪನಿಯೇ ಒಂದನ್ನು ಹಿಂದಕ್ಕೆ ಹಾಕಿತು.

ಫಲ ಕೊಟ್ಟಿದ್ದು "ಸಿಂಗಲ್ ಲೀಫ್ ಕಿತ್ತು ಮಲ್ಟಿಲೀಫ್ ಹಾಕಿ, ಜೊತೆಗೆ ಟ್ರ್ಯಾಕ್ಷನ್ ಬಾರ್" ಅನ್ನೋ ಸಲಹೆ. ಲೀಫ್ ಅಂದ್ರೆ ಹಿಂದಿನ ಸ್ಪ್ರಿಂಗ್‌ನ ಉಕ್ಕಿನ ಪಟ್ಟಿ, ಟ್ರ್ಯಾಕ್ಷನ್ ಬಾರ್ ಅಂದ್ರೆ ಸ್ಪ್ರಿಂಗ್ ಬಳುಕದಂತೆ ತಡೆಯೋ ಸರಳು. ಒಂಟಿ ಪಟ್ಟಿ ಟಾರ್ಕ್‌ಗೆ (ತಿರುಚು ಬಲ) ಎಸ್ ಆಕಾರಕ್ಕೆ ಬಳುಕಿ ವಾಪಸ್ ಚಿಮ್ಮುತ್ತೆ, ಕುಪ್ಪಳಿಕೆ ಅಂದ್ರೆ ಅದೇ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯೋ ಹಳೇ ಪ್ಲೇಟು, ಬೋಲ್ಟು ಮಲ್ಟಿಲೀಫ್‌ಗೆ ಆಗಲ್ಲ. ಹೊಸ ಪ್ಲೇಟು, ಯು-ಬೋಲ್ಟು ಸೇರಿಸಿಯೇ ತಗೊಳ್ಳಿ. ಬಾರ್ ತುದಿಯ ರಬ್ಬರ್ ಸ್ನಬ್ಬರ್ (ತಡೆಗುಂಡು) ಸರಿಯಾಗಿ ಸ್ಪ್ರಿಂಗ್‌ನ ಮುಂದಿನ ಕಣ್ಣಿನ (ಬೋಲ್ಟ್ ಹೋಗೋ ಸುರುಳಿ) ಕೆಳಗೇ ತಾಗಬೇಕು. ಬಾರ್ ಗಿಡ್ಡವಾಗಿ ಪಟ್ಟಿಗೆ ತಾಗಿದರೆ ಪಟ್ಟಿಯೇ ಬಗ್ಗುತ್ತೆ.

ಗೊತ್ತಿಲ್ಲದೇ ಇದ್ದ ವಿಷಯ: ಸ್ನಬ್ಬರ್‌ಗೂ ಸ್ಪ್ರಿಂಗ್‌ಗೂ ನಡುವೆ ಎರಡೂ ಕಡೆ ಒಂದೇ ಗ್ಯಾಪ್ ಬೇಡ. ಡ್ರೈವ್‌ಶಾಫ್ಟ್ (ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯೋ ದಂಡ) ತಿರುಚುವ ಬಲ ಬಲಚಕ್ರದ ಭಾರ ಕಳೆಯುತ್ತೆ. ಹಾಗಾಗಿ ಬಲಕ್ಕೆ ಸ್ನಬ್ಬರ್ ಬರೀ ತಾಗುವಷ್ಟು, ಎಡಕ್ಕೆ ಅರ್ಧ ಇಂಚು ಬಿಟ್ಟೆ. 67ರ ಕಮಾರೋದ ರೇಸ್ ಮಾದರಿ ಝಡ್/28ಕ್ಕೆ ಬಲಗಡೆ ಮಾತ್ರ ಒಂದು ರಾಡ್ ಕೊಟ್ಟಿದ್ದು ಯಾಕೆ ಅಂತ ಈಗ ಅರ್ಥವಾಯ್ತು.

ನೀವೂ ಬಿಚ್ಚೋದಾದ್ರೆ, ಸ್ಪ್ರಿಂಗ್‌ನ ಮುಂದಿನ ಬ್ರಾಕೆಟ್‌ನ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ. ಒಳಗಿನ ಕೇಜ್ ನಟ್ (ಬಾಡಿಯೊಳಗೆ ಕೂರಿಸಿರೋ ನಟ್) ಕಿತ್ತುಕೊಂಡು ಬೋಲ್ಟ್ ಜೊತೆ ತಿರುಗೋಕೆ ಶುರುವಾದ್ರೆ ಗ್ರೈಂಡರ್ ಹಿಡಿಯೋದೇ ಗತಿ. ಒಂದೆರಡು ರನ್ ಆದಮೇಲೆ ಯು-ಬೋಲ್ಟ್ ಮತ್ತೆ ಬಿಗಿ ಮಾಡಿ, ಸಡಿಲ ಆಗಿರುತ್ತೆ.